ಚಾಸಿ ಮೇಸ್ತ್ರಿ ಮತ್ತು ಎಡಕ್ಕೆ ಎಳೆದ ಕಾರು

ಅವರ ಎರಡೂ ಮುಂಗೈಗಳ ತುಂಬ ಸಣ್ಣ ಸಣ್ಣ ಬಿಳಿ ಚುಕ್ಕೆಗಳಿದ್ದವು. ಒಗ್ಗರಣೆಯ ಸಾಸಿವೆ ಸಿಡಿದು ಅಲ್ಲೇ ಕೂತುಬಿಟ್ಟ ಹಾಗೆ, ಮಣಿಕಟ್ಟಿನಿಂದ ಮೊಣಕೈವರೆಗೆ. ವೆಲ್ಡಿಂಗ್ ಕಿಡಿ ಬಿದ್ದು ಬಿದ್ದು ಆದ ಕಲೆಗಳು. ಎಡಗಣ್ಣಿನ ಹುಬ್ಬು ಅರ್ಧ ಮಾತ್ರ ಇತ್ತು. ಉಳಿದರ್ಧ ಯಾವ ಕಾಲದಲ್ಲೋ ಗ್ಯಾಸ್ ಬೆಂಕಿಗೆ ಹೋಗಿದ್ದು ಮತ್ತೆ ಬೆಳೆಯಲೇ ಇಲ್ಲವಂತೆ. "ಕೈಗೆ ಗ್ಲೌಸ್ ಯಾಕೆ ಹಾಕಲ್ಲ ನೀವು?" ಎಂದು ನಾನು ಮೊದಲ ದಿನವೇ ಗದರಿದ್ದೆ. ಬಟವಾಡಿಯಲ್ಲಿ ರಕ್ತ ಪರೀಕ್ಷೆಯ ಲ್ಯಾಬ್ ನಡೆಸುವವಳು ನಾನು. ಗ್ಲೌಸ್ ಇಲ್ಲದ ಕೈ ಕಂಡರೆ ನನಗಾಗುವುದಿಲ್ಲ. ಅವರು ನಿಧಾನವಾಗಿ ಹೇಳಿದರು: "ವೆಲ್ಡಿಂಗ್ ಮಾಡೋವಾಗ ಹಾಕ್ತೀನಿ ಮೇಡಂ. ತುಕ್ಕು ಹುಡುಕೋವಾಗ ಬರಿಗೈನೇ ಬೇಕು. ನೀವು ನರ ಹುಡುಕೋವಾಗ ಬೆರಳಲ್ಲಿ ಒತ್ತಿ ನೋಡಲ್ವಾ?" ನನ್ನ ಬಾಯಿ ಮುಚ್ಚಿಸಿದವರು ತುಮಕೂರಿನಲ್ಲಿ ಬಹಳ ಜನ ಇಲ್ಲ.

ಸತ್ಯಮಂಗಲದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಅವರನ್ನು ಎಲ್ಲರೂ ಚಾಸಿ ಮೇಸ್ತ್ರಿ ಎನ್ನುತ್ತಿದ್ದರು. ಎಂಜಿನ್ನು, ಬಣ್ಣ, ಸೀಟು ಯಾವುದಕ್ಕೂ ಅವರು ಕೈ ಹಾಕುವವರಲ್ಲ. ಗಾಡಿಯ ಅಡಿಯಲ್ಲಿ ಎಲ್ಲವನ್ನೂ ಹೊತ್ತುಕೊಂಡಿರುವ ಕಬ್ಬಿಣದ ಚೌಕಟ್ಟು ಇರುತ್ತದಲ್ಲ, ಚಾಸಿ, ಅದೊಂದೇ ಅವರ ಕೆಲಸ. ಲಾರಿ ಬರಲಿ, ಸ್ಕೂಲ್ ಬಸ್ಸು ಬರಲಿ, ಮೊದಲು ಗೋಣಿಚೀಲ ಹಾಸಿಕೊಂಡು ಅದರ ಕೆಳಗೆ ಮಲಗುತ್ತಿದ್ದರು. "ಮೇಲಿಂದ ನೋಡಿದ್ರೆ ಎಲ್ಲಾ ಗಾಡೀನೂ ಮದ್ವೆ ಗಂಡೇ ಮೇಡಂ. ಕೆಳಗೆ ಮಲಗಿ ನೋಡ್ಬೇಕು." ನೋಡಿ ಹೊರಬಂದ ಮೇಲೆ ಒಂದೇ ಮಾತು: "ಆಗುತ್ತೆ. ಯಾಕಾಗಲ್ಲ?" ಇನ್ನೊಬ್ಬರು ಗುಜರಿಗೆ ಹಾಕಿ ಎಂದು ಕಳಿಸಿದ ಗಾಡಿಗೂ ಇದೇ ಮಾತು. ಸೋಮವಾರ ಮಾತ್ರ ಕತ್ತರಿಸುವ ಕೆಲಸ ಇಲ್ಲ. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಗೆ ದಪ್ಪ ವಿಭೂತಿ ಇಟ್ಟುಕೊಂಡು ಬಂದು, ಇಡೀ ದಿನ ಬರೀ ಅಳತೆ. "ಶಿವನ ದಿನ ಕಬ್ಬಿಣಕ್ಕೆ ಯಾಕ್ ನೋವು ಕೊಡೋದು?" ಎನ್ನುತ್ತಿದ್ದರು. ಆದರೆ ನನಗನ್ನಿಸುವುದು, ಅವಸರ ಮಾಡುವ ಗಿರಾಕಿಗಳಿಂದ ಒಂದು ದಿನವಾದರೂ ತಪ್ಪಿಸಿಕೊಳ್ಳಲು ಶಿವನನ್ನು ಅಡ್ಡ ಇಟ್ಟುಕೊಂಡಿದ್ದರು.

ನಾನು ಅವರ ಬಳಿಗೆ ತಂದದ್ದು ನನ್ನ ಅಪ್ಪಾಜಿಯ ಕಾರು. ಅಪ್ಪಾಜಿ ಕುಣಿಗಲ್‌ನಲ್ಲಿ ದನದ ಡಾಕ್ಟರಾಗಿದ್ದರು. ಜೀವ ಮಾತ್ರ ಕುದುರೆಗಳ ಮೇಲೆ. ರೇಸ್ ಕುದುರೆ ಪಳಗಿಸುತ್ತಿದ್ದ ಅವರ ಸ್ನೇಹಿತರೊಬ್ಬರು ಊರು ಬಿಡುವಾಗ ಓಡದೆ ನಿಂತಿದ್ದ ತಮ್ಮ ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರನ್ನು ಅಪ್ಪಾಜಿಗೆ ಕೊಟ್ಟು ಹೋದರು. ಎರಡೇ ಸೀಟು, ಉದ್ದ ಮೂತಿ, ಕಡು ಹಸಿರು ಬಣ್ಣ, ಮೇಲೆ ಮಡಚುವ ಬಟ್ಟೆಯ ಟಾಪು. ಒಳಗೆ ಕೂತು ಕೈ ಇಳಿಬಿಟ್ಟರೆ ರಸ್ತೆ ಎಟುಕುತ್ತಿತ್ತು. ಅಪ್ಪಾಜಿ ಅದನ್ನು ರಿಪೇರಿ ಮಾಡಿಸಿ, ಸಗಣಿ ಮೆತ್ತಿದ ಗಂಬೂಟನ್ನು ಡಿಕ್ಕಿಯಲ್ಲಿಟ್ಟುಕೊಂಡು ಹಳ್ಳಿ ಹಳ್ಳಿಗೆ ಹೋಗುತ್ತಿದ್ದರು. ಜೋರಾಗಿಯೇ ಹೋಗುತ್ತಿದ್ದರು, ಅದರಲ್ಲಿ ಸುಳ್ಳಿಲ್ಲ.

ಸುಮಾರು ಮೂವತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾರ್ಕೋನಹಳ್ಳಿ ಡ್ಯಾಮಿನ ಕಡೆಯಿಂದ ಬರುತ್ತಿದ್ದಾಗ ಕಾರು ಇದ್ದಕ್ಕಿದ್ದಂತೆ ಎಡಕ್ಕೆ ತಿರುಗಿ ಹಳ್ಳಕ್ಕೆ ಇಳಿಯಿತು. ಅಪ್ಪಾಜಿಗೆ ತರಚು ಗಾಯ. ಅಮ್ಮನ ಎಡತೊಡೆಯ ಮೂಳೆ ಎರಡು ಕಡೆ ಮುರಿಯಿತು. ಕೂಡಿಕೊಂಡಾಗ ಆ ಕಾಲು ಒಂದಿಂಚು ಗಿಡ್ಡವಾಗಿತ್ತು. "ಗಾಡಿ ತಾನೇ ಎಡಕ್ಕೆ ಎಳೀತು" ಎಂದು ಅಪ್ಪಾಜಿ ಹೇಳಿದರು. ಯಾರು ನಂಬುತ್ತಾರೆ? ಅವರ ಸ್ಪೀಡು ಊರಿಗೆಲ್ಲ ಗೊತ್ತಿತ್ತಲ್ಲ! ಅಮ್ಮನಂತೂ ಮೆಟ್ಟಿಲು ಹತ್ತುವಾಗ, ಮದುವೆಮನೆಯಲ್ಲಿ ನೆಲಕ್ಕೆ ಕೂರಲಾಗದಾಗ, ಚಪ್ಪಲಿ ಅಂಗಡಿಯಲ್ಲಿ, ಎಲ್ಲೆಂದರಲ್ಲಿ, "ಇವರ ಸ್ಪೀಡಿಗೆ ನನ್ನ ಕಾಲು ಹೋಯ್ತು" ಎನ್ನುವರು. ಅಪ್ಪಾಜಿ ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಕಾರು ಗುಬ್ಬಿಯಲ್ಲಿ ಚಿಕ್ಕಪ್ಪನ ಶೆಡ್ಡು ಸೇರಿತು, ಅಪ್ಪಾಜಿ ಬಸ್ಸು ಹತ್ತಿದರು.

ಕೊನೆಯ ಸಲ ಮಲಗಿದಾಗ ಅಪ್ಪಾಜಿ ನನ್ನ ಕೈ ಹಿಡಿದು, "ಅದು ತಾನೇ ಎಳೀತು ಕಣಮ್ಮ. ನಾನು ತಿರುಗಿಸ್ಲಿಲ್ಲ" ಎಂದರು. ನಾನು "ಆಯ್ತು ಬಿಡಿ ಅಪ್ಪಾಜಿ, ಅದೆಲ್ಲ ಈಗ್ಯಾಕೆ" ಎಂದೆ. ನಂಬದವರು ಸಮಾಧಾನ ಮಾಡುವ ದನಿ ಇರುತ್ತದಲ್ಲ, ಅದೇ ದನಿ. ಅವರಿಗೆ ತಿಳಿದುಹೋಯಿತು. ಗೋಡೆಯ ಕಡೆ ತಿರುಗಿ ಮಲಗಿದರು. ಆ ಬೆನ್ನು ನನ್ನನ್ನು ಐದು ವರ್ಷ ಕಾಡಿತು. ಆಮೇಲೆ ಒಂದು ದಿನ, ಇನ್ನು ಸಾಕು ಎಂದು ಗುಬ್ಬಿಗೆ ಹೋಗಿ ಕಾರನ್ನು ಲಾರಿಗೆ ಹಾಕಿಸಿ ಸತ್ಯಮಂಗಲಕ್ಕೆ ತಂದೆ. "ಆ ಶನಿ ನನ್ನ ಕಣ್ಣಿಗೆ ಬೀಳಕೂಡದು" ಎಂದು ಅಮ್ಮ ಮೂರು ದಿನ ನನ್ನೊಡನೆ ಮಾತು ಬಿಟ್ಟರು.

ಲಾರಿಯಿಂದ ಇಳಿಸಿದ ಕಾರನ್ನು ನೋಡಿ ಮೇಸ್ತ್ರಿಯ ಅರ್ಧ ಹುಬ್ಬು ಮೇಲೆ ಹೋಯಿತು. "ಇದು ಕುದ್ರೆ ಡಾಕ್ಟ್ರು ಗಾಡಿ ಅಲ್ವಾ! ನಾನು ಕೆಲಸ ಕಲೀತಿದ್ದ ಗ್ಯಾರೇಜಿಗೆ ಬರ್ತಿತ್ತು ಮೇಡಂ. ನಾನೇ ಇದಕ್ಕೆ ಒಂದ್ಸಲ ಕೈ ಹಾಕಿದೀನಿ." ನನಗೆ ಖುಷಿಯಾಯಿತು. ಸರಿಯಾದ ಜಾಗಕ್ಕೇ ಬಂದೆ ಎಂದುಕೊಂಡು ಎಲ್ಲ ಹೇಳಿದೆ. ಕಾರು ಓಡುವುದು ಆಮೇಲಿನ ಮಾತು. ಅವತ್ತು ಕಾರು ತಾನೇ ಎಡಕ್ಕೆ ಹೋಯಿತೋ, ಅಪ್ಪಾಜಿಯ ಕೈ ತಪ್ಪಿತೋ, ಅದು ನನಗೆ ಗೊತ್ತಾಗಬೇಕು ಎಂದೆ.

"ಗೊತ್ತಾಗುತ್ತೆ. ಯಾಕ್ ಗೊತ್ತಾಗಲ್ಲ? ಮುರಿದಿರೋ ಜಾಗ ನೋಡಿದ್ರೆ ಸಾಕು. ಗುದ್ದಿ ಮುರಿದಿರೋದೇ ಬೇರೆ, ಕೊಳೆತು ಮುರಿದಿರೋದೇ ಬೇರೆ."

ಕಾರಿನ ಮೈಯನ್ನೆಲ್ಲ ಬಿಚ್ಚಿ ಪಕ್ಕಕ್ಕಿಟ್ಟು ಬರೀ ಚಾಸಿಯನ್ನು ನಾಲ್ಕು ಸ್ಟ್ಯಾಂಡಿನ ಮೇಲೆ ಕೂರಿಸಿದರು. ಆ ಸೋಮವಾರದ ಅಳತೆಯನ್ನು ನಾನು ಲ್ಯಾಬಿಗೆ ಬೀಗ ಹಾಕಿ ಹೋಗಿ ನೋಡಿದ್ದೇನೆ. ಮೂಲೆಯಿಂದ ಮೂಲೆಗೆ ಬಿಳಿ ದಾರ ಎಳೆದು ಕಟ್ಟಿದರು. ಗಾರೆ ಕೆಲಸದವರು ಮಟ್ಟ ನೋಡಲು ನೀರು ತುಂಬಿದ ಉದ್ದ ಪೈಪ್ ಹಿಡಿಯುತ್ತಾರಲ್ಲ, ಅಂಥದ್ದೇ ಒಂದು ಪೈಪಿನ ಒಂದು ತುದಿ ನನ್ನ ಕೈಗೆ ಕೊಟ್ಟು, "ಅಲ್ಲಾಡ್ಬೇಡಿ ಮೇಡಂ, ಮಾತೂ ಆಡ್ಬೇಡಿ" ಎಂದರು. ಮಾತಾಡಬೇಡಿ ಎಂದರೆ ನನಗೆ ಎಷ್ಟು ಕಷ್ಟ! ಬಲಗಡೆಯ ಹಿಂಭಾಗ ಒಂದು ಬೆರಳಿನಷ್ಟು ಕುಸಿದಿತ್ತು. ಅದರ ಮೇಲೆ, ಕಾರನ್ನು ಗುಬ್ಬಿಗೆ ಎಳೆದುಕೊಂಡು ಹೋಗಲೆಂದು ಚಿಕ್ಕಪ್ಪ ಟ್ರ್ಯಾಕ್ಟರ್ ರಿಪೇರಿಯವನ ಕೈಲಿ ಹಾಕಿಸಿದ್ದ ಒಂದು ದಪ್ಪ ತೇಪೆ.

ಅದನ್ನು ಕಂಡು ಮೇಸ್ತ್ರಿ ಕೆಂಡವಾದರು. "ಯಾವನ್ಲಾ ಇದನ್ನ ಮಾಡಿರೋನು! ಹಪ್ಪಳ ಅಂಟ್ಸಿದಂಗೆ ಅಂಟ್ಸವ್ನೆ!" ಅಕ್ಕಪಕ್ಕದ ಶೆಡ್ಡಿನವರನ್ನೆಲ್ಲ ಕೂಗಿ ಕರೆದು ತೋರಿಸಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. "ಇಂಥ ಕೆಲಸದೋರಿಂದಲೇ ಜನ ಸಾಯೋದು" ಎಂದು ಮೇಸ್ತ್ರಿ ತೀರ್ಪು ಕೊಟ್ಟೇಬಿಟ್ಟರು. ಆ ತೇಪೆ ಹಾಕಿಸಿದ್ದು ಅಪಘಾತವಾದ ಮೇಲೆ ಎಂದು ನಾನು ನೆನಪಿಸಿದಾಗ ಸ್ವಲ್ಪ ತಣ್ಣಗಾಗಿ, "ಹಂಗಾದ್ರೆ ಇದ್ರ ಕೆಳಗೈತೆ ಅಸಲಿ ವಿಷ್ಯ. ನಾಳೆ ತೆಗೀತೀನಿ" ಎಂದರು.

ಮಾರನೇ ದಿನ ಮಧ್ಯಾಹ್ನ ಫೋನು ಬಂತು. "ಬನ್ನಿ ಮೇಡಂ. ಮೇಲಿನ ತೇಪೆ ಮಾತ್ರ ತೆಗೆದಿದೀನಿ. ಕೆಳಗಿಂದು ನೀವು ನೋಡೋವರ್ಗೂ ಮುಟ್ಟಲ್ಲ."

ಹೋದಾಗ ಅವರು ಚಾಸಿಯ ಪಕ್ಕ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದರು. ಕೆಲಸದ ಹೊತ್ತಿನಲ್ಲಿ ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ತೇಪೆಯ ಕೆಳಗೆ ಇನ್ನೊಂದು ತೇಪೆ ಇತ್ತು. ಎಂಥ ಅಂದದ ತೇಪೆ ಅದು! ನಾಲ್ಕೂ ಕಡೆ ವೆಲ್ಡಿಂಗ್ ಗೆರೆ ಬಿಗಿಯಾಗಿ ಹೆಣೆದ ಜಡೆಯ ಹಾಗೆ, ಎಲ್ಲೂ ಏರಿಲ್ಲ, ಎಲ್ಲೂ ಇಳಿದಿಲ್ಲ. ಆದರೆ ಅದರ ಅಂಚಿನಲ್ಲೇ ಚಾಸಿ ಬಾಯಿ ಬಿಟ್ಟುಕೊಂಡು ಹರಿದಿತ್ತು. ಒಳಗೆ ಕಪ್ಪು ಪುಡಿ.

"ತೇಪೆ ಎಷ್ಟು ಚೆನ್ನಾಗಿದೆ" ಎಂದೆ.

"ಹೂಂ. ನಾನೇ ಹಾಕಿದ್ದು."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರು ಎದ್ದು, ಬರಿಗೈ ಬೆರಳಿನಿಂದ ತೋರಿಸುತ್ತಾ ವಿವರಿಸಿದರು. ಈ ಚಾಸಿ ಒಳಗೆ ಪೊಳ್ಳು, ಡಬ್ಬಿಯ ಹಾಗೆ. ಮಳೆಯ ನೀರು ಹೇಗೋ ಒಳಗೆ ಹೋಗೇ ಹೋಗುತ್ತದೆ. ಅದು ಸುರಿದುಹೋಗಲಿ ಎಂದು ಕಾರು ಮಾಡಿದವರೇ ಅಡಿಯಲ್ಲಿ ಒಂದೊಂದು ಕಡೆಗೂ ಮೂರು ತೂತು ಬಿಟ್ಟಿರುತ್ತಾರೆ. "ಡಾಕ್ಟ್ರು ಒಂದ್ ಕಡೆ ಸೀಳಿದೆ, ತೇಪೆ ಹಾಕಪ್ಪ ಅಂದಿದ್ರು, ಅಷ್ಟೇ. ನಂಗಾಗ ಇಪ್ಪತ್ನಾಕು. ಆ ತೂತುಗಳ ಬಾಯಲ್ಲಿ ತುಕ್ಕು ಕಂಡೆ. ತುಕ್ಕು ತಿಂದು ತೂತಾಗೈತೆ ಅನ್ಕೊಂಡು ಮೂರನ್ನೂ ಮುಚ್ಚಿದೆ. ಯಾರೂ ಕೇಳಿರ್ಲಿಲ್ಲ. ನನ್ನ ಕೆಲಸ ಚೆನ್ನಾಗಿ ಕಾಣ್ಲಿ ಅಂತ ಮುಚ್ಚಿದೆ. ನೀರು ಒಳಗೇ ನಿಂತು ಒಳಗಿಂದ ತಿಂದೈತೆ. ಹೊರಗೆ ನನ್ನ ಪ್ಲೇಟು ಗಟ್ಟಿಗನ ಥರ ಕೂತೈತೆ, ಒಳಗೆ ಕಬ್ಬಿಣನೇ ಇಲ್ಲ."

ಆ ಜಾಗದಲ್ಲೇ ಹಿಂದಿನ ಬಲಚಕ್ರದ ಸ್ಪ್ರಿಂಗ್ ಕಚ್ಚಿಕೊಂಡಿತ್ತು. ಅವತ್ತು ಅದು ಕಿತ್ತು ಬಂದಿದೆ. "ಬಲಗಡೆ ಹಿಂದಿನ ಚಕ್ರ ಹಿಂದಕ್ಕೆ ಜರುಗ್ತು ಅಂದ್ರೆ ಗಾಡಿ ಮೂತಿ ಎಡಕ್ಕೇ ತಿರುಗೋದು ಮೇಡಂ. ಬೇರೆ ದಾರಿನೇ ಇಲ್ಲ. ನಿಧಾನಕ್ಕೆ ಹೋಗ್ತಿದ್ರೂ ತಿರುಗೋದು. ಡಾಕ್ಟ್ರು ಏನೂ ತಪ್ಪು ಮಾಡಿಲ್ಲ."

ಈ ಮಾತನ್ನು ಕೇಳಲೆಂದೇ ನಾನು ಇಷ್ಟೆಲ್ಲ ಮಾಡಿದ್ದು. ಕೇಳಿದ ಮೇಲೆ ಅಳು ಬರಬೇಕಿತ್ತು, ನೆಮ್ಮದಿಯಾಗಬೇಕಿತ್ತು. ಬಂದದ್ದು ಕೋಪ. ಬರದೆ ಇರುತ್ತದೆಯೇ? ಸಾಯುವ ತನಕ ಒಬ್ಬ ಮನುಷ್ಯ ತನ್ನದಲ್ಲದ ತಪ್ಪಿಗೆ ತಲೆ ತಗ್ಗಿಸಿ ಬಸ್ಸಿನಲ್ಲಿ ಓಡಾಡಿದ್ದು ಈ ಜಡೆಯಂಥ ತೇಪೆಗಾಗಿ! "ನಿನ್ನೆ ಊರೆಲ್ಲ ಕರೆದು ನಕ್ಕರಲ್ಲ, ಈಗಲೂ ಕರೀರಿ" ಎಂದುಬಿಟ್ಟೆ. ಹಾಗೆ ಅನ್ನಬಾರದಿತ್ತು. ಮೇಸ್ತ್ರಿ ಹೊರಗೆ ಹೋಗಿ, ನಿಜವಾಗಿಯೂ ಎಲ್ಲರನ್ನೂ ಕರೆದರು. ಅದೇ ಜನ, ಅದೇ ಜಾಗ. "ಇದು ಕಣ್ರಪ್ಪ ಜನ ಸಾಯೋ ಅಂಥ ಕೆಲಸ. ನಾನ್ ಮಾಡಿದ್ದು" ಎಂದು ಬೆರಳಿಟ್ಟು ತೋರಿಸಿದರು. ಯಾರೂ ನಗಲಿಲ್ಲ. ನಾನು ಅಲ್ಲಿ ನಿಲ್ಲಲಾರದೆ ಮನೆಗೆ ಬಂದೆ.

ಒಂದು ವಾರ ಆ ಕಡೆ ತಲೆ ಹಾಕಲಿಲ್ಲ. ಆ ವಾರದಲ್ಲಿ ನಿಧಾನವಾಗಿ ತಲೆಗೆ ಹೋದದ್ದು ಒಂದೇ ವಿಷಯ. ಗ್ರೈಂಡರ್ ಹಿಡಿದು ಎರಡೂ ತೇಪೆಗಳನ್ನು ಒಟ್ಟಿಗೇ ಕತ್ತರಿಸಿ ಗುಜರಿಗೆ ಎಸೆದಿದ್ದರೆ ನನಗೇನು ತಿಳಿಯುತ್ತಿತ್ತು? ಟ್ರ್ಯಾಕ್ಟರ್ ರಿಪೇರಿಯವನ ತೇಪೆಯಿಂದ ಗುರುತೆಲ್ಲ ಹಾಳಾಗಿದೆ ಎನ್ನಬಹುದಿತ್ತು. ತಿಳಿಯಲಿಲ್ಲ ಮೇಡಂ, ಬಹಳ ಹಳೇದು ಎನ್ನಬಹುದಿತ್ತು. ಆಮೇಲೆ ಒಮ್ಮೆ ಇದನ್ನೇ ಕೇಳಿದಾಗ ಅವರಿಗೆ ಆಶ್ಚರ್ಯವಾಯಿತು. "ನೀವು ಕೇಳಿದ್ರಲ್ಲ ಮೇಡಂ" ಎಂದರು, ಅಷ್ಟೇ.

ಭಾನುವಾರ ಬೆಳಿಗ್ಗೆ ಅವರೇ ನಮ್ಮ ಮನೆಯ ಬಾಗಿಲಿಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ, ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಕಬ್ಬಿಣದ ತುಂಡು, ಚಾಸಿಯಿಂದ ಕತ್ತರಿಸಿದ ಆ ತೇಪೆಯ ಭಾಗ. "ಗಾಡಿ ಬೇರೆ ಕಡೆ ತಗೊಂಡೋಗ್ತೀನಿ ಅಂದ್ರೆ ನಾನೇ ಲಾರಿಗೆ ಹಾಕ್ಸಿಕೊಡ್ತೀನಿ. ಆದ್ರೆ ಅಮ್ಮಾವ್ರಿಗೆ ಹೇಳೋದನ್ನ ನಾನೇ ಹೇಳ್ಬೇಕು." ಅಮ್ಮನಿಗೆ ನಾನಿನ್ನೂ ಹೇಳಿರಲಿಲ್ಲ. ಹೇಳಿದರೆ ಅಪ್ಪನ ಪರವಾಗಿ ಕಥೆ ಕಟ್ಟುತ್ತಿದ್ದೇನೆ ಎನ್ನುತ್ತಾರೆಂದು ಹೆದರಿಕೆ ಇತ್ತು.

ಅಮ್ಮ ಪೂಜೆ ಮುಗಿಸಿ ಕುರ್ಚಿಯಲ್ಲಿ ಕೂತಿದ್ದರು. "ಇದೇನಪ್ಪ, ಹಳೇ ಕಬ್ಬಿಣ ತಂದು ನಡುಮನೇಲಿ ಇಡ್ತಿದೀಯಾ?" ಎಂದರು. ಮೇಸ್ತ್ರಿ ನಿಂತುಕೊಂಡೇ ಎಲ್ಲ ಹೇಳಿದರು. ತೂತು, ನೀರು, ಸ್ಪ್ರಿಂಗು, ಎಡಕ್ಕೆ ತಿರುಗಿದ್ದು. ಕೊನೆಗೆ, "ತಪ್ಪು ನಂದು ಅಮ್ಮಾವ್ರೆ. ಡಾಕ್ಟ್ರುದಲ್ಲ" ಎಂದರು.

"ಇನ್ನೊಂದ್ಸಲ ಹೇಳು" ಎಂದರು ಅಮ್ಮ.

ಮೇಸ್ತ್ರಿ ಮತ್ತೆ ಮೊದಲಿನಿಂದ ಹೇಳಿದರು. ಅಮ್ಮ ಆ ತುಂಡನ್ನು ಮಡಿಲಲ್ಲಿಟ್ಟುಕೊಂಡು ಒಳಗಿನ ಕಪ್ಪು ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ನೋಡಿದರು. ಆಮೇಲೆ ಶುರುವಾಯಿತು. "ಈಗ ಬಂದಿದೀಯಲ್ಲೋ! ಅವರಿರುವಾಗ ಬರಬಾರದಾಗಿತ್ತೇನೋ! ಮುಚ್ಚೋ ಮುಂಚೆ ದೊಡ್ಡೋರ್ನ ಒಂದ್ ಮಾತು ಕೇಳೋಕೆ ನಿಂಗೇನಾಗಿತ್ತೋ!" ಹತ್ತು ನಿಮಿಷ ಬೈದರು. ನಾನು ಮಧ್ಯೆ ಬಾಯಿ ಹಾಕಲು ಹೋದರೆ ಮೇಸ್ತ್ರಿಯೇ ಕೈ ಸನ್ನೆಯಲ್ಲಿ ತಡೆದರು.

"ನಂಗೊತ್ತಿರ್ಲಿಲ್ಲ ಅಮ್ಮಾವ್ರೆ" ಎಂದರು ಕೊನೆಗೆ.

"ನಿಂಗೂ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ. ಅವರಿಗೆ ಗೊತ್ತಿತ್ತು" ಎಂದು ಅಮ್ಮ ಎದ್ದು ಒಳಗೆ ಹೋದರು. ಬಹಳ ಹೊತ್ತಿನ ಮೇಲೆ ಕುಂಟುತ್ತಾ ಬಂದು, ತಾವೇ ಮಾಡಿದ ಕಾಫಿಯನ್ನು ಮೇಸ್ತ್ರಿಯ ಕೈಗೆ ಕೊಟ್ಟರು. ಕಣ್ಣು ಕೆಂಪಾಗಿತ್ತು. "ಕುಡಿ. ಕುಡ್ದು ಹೋಗಿ ಆ ಗಾಡಿ ನೆಟ್ಟಗೆ ಮಾಡು."

"ಮಾಡ್ತೀನಿ. ಯಾಕ್ ಮಾಡಲ್ಲ? ಮಾಡಿದ್ಮೇಲೆ ನೀವು ಕೂರ್ತೀರಾ?"

"ಅದೆಲ್ಲ ಆಮೇಲಿನ ಮಾತು."

ಮೇಸ್ತ್ರಿ ಏಳು ತಿಂಗಳು ದುಡಿದರು. ಕೊಳೆತದ್ದನ್ನೆಲ್ಲ ಕತ್ತರಿಸಿ ತೆಗೆದು, ಹಿಂಭಾಗದ ಎರಡೂ ಪಟ್ಟಿಗಳನ್ನು ಹೊಸ ಕಬ್ಬಿಣದಲ್ಲಿ ಮಡಚಿ, ಒಂದೊಂದು ಇಂಚು ವೆಲ್ಡ್ ಮಾಡಿದ ಮೇಲೂ ದಾರ ಹಿಡಿದು ಅಳೆದರು. ಸೋಮವಾರಗಳು ಸಾಲದೆ ಗುರುವಾರವೂ ಅಳತೆಯ ದಿನವಾಯಿತು. ತಪ್ಪು ಒಪ್ಪಿಕೊಂಡವರು ಆಮೇಲೆ ಕುಗ್ಗಿಹೋಗುತ್ತಾರೆ ಎಂದುಕೊಂಡಿದ್ದೆ. ಎಲ್ಲಿಯ ಕುಗ್ಗುವುದು! ದನಿ ಮೊದಲಿನಷ್ಟೇ ಜೋರು, ಮೊದಲಿನದೇ "ಯಾಕಾಗಲ್ಲ?". ಆ ಹಳೆಯ ತುಂಡನ್ನು ಮಾತ್ರ ಶೆಡ್ಡಿನ ಬಾಗಿಲ ಪಕ್ಕ ಮೊಳೆಗೆ ನೇತುಹಾಕಿದ್ದರು. ಯಾರಾದರೂ ಅವರ ಕೈಕೆಲಸ ಹೊಗಳಿದರೆ, "ಅದನ್ನೂ ನೋಡ್ಕೊಂಡು ಹೋಗಿ, ಅದೂ ನಂದೇ" ಎನ್ನುತ್ತಿದ್ದರು. ಕೆಲಸ ಮುಗಿದ ದಿನ ಚಾಸಿಯ ಅಡಿಯ ತೂತುಗಳಿಗೆ ನನ್ನ ಕಿರುಬೆರಳು ಹಾಕಿಸಿ, "ಎಣಿಸ್ಕೊಳ್ಳಿ ಮೇಡಂ, ಬಲಗಡೆ ಮೂರು, ಎಡಗಡೆ ಮೂರು" ಎಂದರು.

ಕಾರು ಹಸಿರು ಬಣ್ಣ ಹೊಡೆಸಿಕೊಂಡು ನಮ್ಮ ಮನೆಯ ಮುಂದೆ ಬಂದು ನಿಂತಿತು. ನಾನು ಓಡಿಸುತ್ತಿದ್ದೆ, ಬಟವಾಡಿಯ ಆಟೋದವರೆಲ್ಲ ತಿರುಗಿ ನೋಡುತ್ತಿದ್ದರು. ಅಮ್ಮ ಹತ್ತಲಿಲ್ಲ. ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು, ಅಷ್ಟೇ. ಶನಿ ಎನ್ನುವುದನ್ನು ಬಿಟ್ಟಿದ್ದರು, ಆದರೆ ಅಪ್ಪಾಜಿಯ ಬಗ್ಗೆ ಒಂದು ಮಾತೂ ಇಲ್ಲ. ಆ ಒಂದು ಮಾತಿಗಾಗಿ ನಾನು ಕಾದೆ. ಕೇಳಿದರೆ "ಸುಮ್ನಿರು" ಎನ್ನುವರು. ಮೇಸ್ತ್ರಿ ಪ್ರತಿ ಭಾನುವಾರ ಫೋನು ಮಾಡಿ, "ಅಮ್ಮಾವ್ರು ಕೂತ್ರಾ?" ಎಂದು ಕೇಳುತ್ತಿದ್ದರು. ಇಲ್ಲ ಎಂದರೆ, "ಕೂರ್ತಾರೆ, ಯಾಕ್ ಕೂರಲ್ಲ?" ಎನ್ನುತ್ತಿದ್ದರು. ಒಂದು ಭಾನುವಾರ ಫೋನು ಬರಲಿಲ್ಲ. ಹಿಂದಿನ ದಿನ ಶೆಡ್ಡಿನ ಬಾಗಿಲು ಎತ್ತುವಾಗ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲವಂತೆ.

ನನಗೆ ಅಪ್ಪಾಜಿ ಹೋದಾಗಿನಷ್ಟೇ ದುಃಖವಾಯಿತು ಎಂದರೆ ಸುಳ್ಳಾಗುತ್ತದೆ. ಆದರೆ ಅಪ್ಪಾಜಿ ಹೋದಾಗ ಅಳಲಾಗದೆ ಉಳಿದದ್ದೆಲ್ಲ ಅವತ್ತು ಬಂತು.

ಅವರ ಊರು ಗುಬ್ಬಿಯ ಆಚೆ. ಶಿವಗಣಾರಾಧನೆಗೆ ತಾವೂ ಬರುವುದಾಗಿ ಅಮ್ಮ ಹೇಳಿದ್ದರು. ಆ ದಿನ ನಾನು ಆಟೋಗೆ ಫೋನು ಮಾಡಲು ಹೊರಟರೆ ಅಮ್ಮ ಒಳ್ಳೆಯ ಸೀರೆ ಉಟ್ಟು, ಕೋಲು ಹಿಡಿದು ಹೊರಗೆ ಬಂದರು. "ಆಟೋ ಯಾಕೆ? ಅವ್ನು ಮಾಡಿಟ್ಟಿರೋ ಗಾಡಿ ಇಲ್ವಾ?" ಎಂದು ನೇರವಾಗಿ ಕಾರಿನ ಎಡ ಬಾಗಿಲ ಬಳಿ ಹೋಗಿ ನಿಂತರು. ನಾನು ಕೈ ಹಿಡಿದು ಕೂರಿಸಿ, ಗಿಡ್ಡ ಕಾಲನ್ನು ಮೆಲ್ಲಗೆ ಒಳಗೆ ಎತ್ತಿಟ್ಟೆ.

ಊರು ದಾಟುವವರೆಗೆ ಅಮ್ಮ ಎರಡೂ ಕೈಯಲ್ಲಿ ಬಾಗಿಲನ್ನು ಗಟ್ಟಿಯಾಗಿ ಹಿಡಿದಿದ್ದರು. ನಾನು ಲಾರಿ ಬಸ್ಸುಗಳಿಗೆಲ್ಲ ದಾರಿ ಬಿಟ್ಟುಕೊಡುತ್ತಾ ನಿಧಾನವಾಗಿ ಹೋಗುತ್ತಿದ್ದೆ. ಗುಬ್ಬಿ ರಸ್ತೆಯಲ್ಲಿ ಒಂದು ಉದ್ದನೆಯ ನೇರ ದಾರಿ ಬಂತು. ಅಮ್ಮ ಬಾಗಿಲಿನಿಂದ ಒಂದು ಕೈ ತೆಗೆದು ಸೆರಗು ಸರಿಮಾಡಿಕೊಂಡರು. ಕೆನ್ನೆ ಒದ್ದೆಯಾಗಿತ್ತು.

"ಇದೇನೇ ಹಿಂಗೆ ತೆವಳ್ತಿದೀಯಾ?" ಎಂದರು. "ನಿಮ್ಮಪ್ಪ ಎಷ್ಟು ಚೆನ್ನಾಗಿ ಓಡಿಸ್ತಿದ್ರು. ಜೋರಾಗಿ ಹೋಗೇ."

ನಾನು ಆಕ್ಸಿಲರೇಟರ್ ಒತ್ತಿದೆ. ಕಾರು ನೆಟ್ಟಗೆ ಹೋಯಿತು.